ಏಳನೇ ಮೆಟ್ಟಿಲಿನ ಬೆಲೆ

ಇಡೀ ಮನೆ ಯಾರ ಕೈಗೂ ಎಟುಕದಂತಾದ ಮೇಲೆ, ಮನೆಗಳಿಗೆ ಬೆಲೆ ಕಟ್ಟುವ ದೂಮಪ್ಪ ಸಾಲಿಯಾನರು ಐದು ತಿಂಗಳು ನೊಣ ಹೊಡೆಯುತ್ತ ಕೂತಿದ್ದರು. ಕೊನೆಗೂ ಒಂದು ಕೆಲಸ ಬಂತು. ಜನ ಈಗ ಮೆಟ್ಟಿಲಿಗೊಂದು ಸಂಸಾರ ಹೂಡತೊಡಗಿದ್ದರು; ಅವರು ವಾಸವಿದ್ದ ಮಂಗಳೂರಿನ ಮಹಡಿ ಮನೆಯ ಮೆಟ್ಟಿಲಸಾಲಿನಲ್ಲೇ ಏಳನೆಯದು ಮಾರಾಟಕ್ಕಿತ್ತು. ದೂಮಪ್ಪ ದಂಪತಿಗಳ ಬಾಡಿಗೆ ಬಿಡಾರ ಆರನೇ ಮೆಟ್ಟಿಲಿನಲ್ಲಿ.

"ಒಳ್ಳೆ ರೇಟು ಹಾಕಿ ಮಾರಾಯ್ರೆ," ಎಂದರು ಮೆಟ್ಟಿಲುಗಳ ಒಡತಿ ಐರಿನ್ ಬಾಯಿ.

ದೂಮಪ್ಪ ಟೇಪು ಹಿಡಿದು ಅಳೆದರು, ಕಲ್ಲು ತಟ್ಟಿದರು, ಮುದುರಿಕೊಂಡು ಮಲಗಿಯೂ ನೋಡಿದರು. ಕೆಲಸದ ಹಸಿವಿಗೆ ಪೆನ್ನು ನಿಲ್ಲಲೇ ಇಲ್ಲ: ಬೆಳಗಿನ ಬಿಸಿಲು, ಬಟ್ಟೆ ಒಣಗಿಸಲು ಕಂಬಿ, ಕೆಳಗಡೆ ಗೊರಕೆ ಹೊಡೆಯದ ಸಭ್ಯ ನೆರೆಯವರು, ಅಂದರೆ ತಾವೇ. ಬೆಲೆ ನಲವತ್ತು ಲಕ್ಷ. ಕೊನೆಗೆ ಕಸುಬಿನ ರೂಢಿಯಂತೆ, 'ಅಕ್ಕಪಕ್ಕದ ಮೆಟ್ಟಿಲುಗಳಿಗೂ ಇದೇ ದರ' ಎಂದು ಸೇರಿಸಿ ಠಸ್ಸೆ ಒತ್ತಿದರು.

ಐರಿನ್ ಬಾಯಿ ಆ ಸಾಲನ್ನು ಎರಡು ಸಲ ಓದಿದರು.

"ಹಾಗಾದ್ರೆ ನಿಮ್ಮ ಬಾಡಿಗೆ ಇನ್ನು ಡಬಲ್."

"ಅಯ್ಯೋ ಬಾಯಮ್ಮ, ನಮ್ಮದಕ್ಕೆ ಅಷ್ಟೆಲ್ಲ ಇಲ್ಲ! ಮೂಲೆ ಒಡೆದಿದೆ, ಮಳೆನೀರು ಬರ್ತದೆ!"

"ಠಸ್ಸೆ ನಿಮ್ಮದೇ ಅಲ್ವಾ?"

ದೂಮಪ್ಪನವರ ಹೆಂಡತಿ ಗುಲಾಬಿ ಆಗಲೇ ಚಾಪೆ ಸುತ್ತತೊಡಗಿದ್ದರು.

"ನಿಮಗೆ ಕೆಲಸ ಇಲ್ಲದಾಗಲೇ ವಾಸಿ ಇತ್ತು," ಎಂದರು. "ಸುಮ್ಮನೆ ಕೂರಲಿಕ್ಕೆ ಒಂದು ಮೆಟ್ಟಿಲಾದ್ರೂ ಇತ್ತು."