ಕಪಾಟಿನಲ್ಲೇ ಉಳಿದ ಬ್ಯಾಟರಿ

“ಸುಳ್ಳು! ಹಸಿ ಹಸಿ ಸುಳ್ಳು!”

ಕಾವೇರಿ ಮೊಬೈಲನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದಳು. ಜಮಖಂಡಿಯ ಆ ಕಂಪ್ಯೂಟರ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

“ಗ್ರಾಹಕರು ನಿರಾಕರಿಸಿದರು ಅಂತ ಮತ್ತ ಮೆಸೇಜ್ ಬಂದೈತಿ. ನಾ ಯಾಕ ನಿರಾಕರಿಸಲಿರಿ? ನನಗೇನು ಹುಚ್ಚು ಹಿಡದೈತೇನು?”

“ಮೇಡಮ್ಮರ, ಸ್ವಲ್ಪ ಕೂಡ್ರಿ,” ಎಂದ ಅಂಗಡಿಯ ಮಾಲೀಕ ಸಿದ್ಧಾಂತ.

“ಕೂತು ಕೂತು ಸಾಕಾಗೇತಿ!”

ಸಾಕಾಗದೆ ಏನು? ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಕಾದು ಹೊತ್ತಿಕೊಳ್ಳಬಹುದು, ಕೂಡಲೇ ಹೊರಗೆ ತೆಗೆದಿಡಿ, ಹಳೆಯದಕ್ಕೆ ಹೊಸದನ್ನು ಪುಕ್ಕಟೆ ಕೊಡುತ್ತೇವೆ ಎಂದು ಕಂಪನಿ ಸಾರಿದ್ದು ಯುಗಾದಿಯ ಸುಮಾರಿಗೆ. ಕಾವೇರಿ ಅಂದೇ ಬ್ಯಾಟರಿ ತೆಗೆದು ಕಪಾಟಿನಲ್ಲಿಟ್ಟಳು. ಬೆಂಕಿಯ ಸರಕು, ಬಸ್ಸಿನಲ್ಲಿ ತರಕೂಡದು. ಅಂಗಡಿಯ ಮನುಷ್ಯನೇ ಅದಕ್ಕೆಂದು ಮಾಡಿದ ಪೆಟ್ಟಿಗೆ ಹಿಡಿದು ಮನೆಗೆ ಬರುತ್ತಾನೆ. ಹಳೆಯದನ್ನು ಅವನ ಕೈಗಿಟ್ಟರೆ ಹೊಸದು ಅಲ್ಲೇ ಸಿಗುತ್ತದೆ. ಇಷ್ಟೇ ಕೆಲಸ. ಈ ಇಷ್ಟೇ ಕೆಲಸ ನಾಗರ ಪಂಚಮಿ ದಾಟಿದರೂ ಆಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಅವಳ ಅನ್ನವೇ ಆ ಲ್ಯಾಪ್‌ಟಾಪಿನಲ್ಲಿತ್ತು. ಬನಹಟ್ಟಿಯ ಮನೆಯಲ್ಲಿ ಕೂತು ಅವಳು ಸೀರೆಯ ಅಂಚು, ಸೆರಗಿನ ನಕ್ಷೆ ಬಿಡಿಸುತ್ತಿದ್ದಳು. ರಬಕವಿಯ ರಾವಸಾಹೇಬರ ಮಗ್ಗಗಳು ಅವನ್ನು ನೇಯುತ್ತಿದ್ದವು. ಬ್ಯಾಟರಿ ಇಲ್ಲದ ಮೇಲೆ ಕರೆಂಟು ಹೋಯಿತೆಂದರೆ ಬಿಡಿಸಿದ ನವಿಲು ಅರ್ಧಕ್ಕೇ ಮಾಯ. ಕರೆಂಟು ಹೋಗದ ಸಂಜೆ ಆ ಊರಿನಲ್ಲಿ ಯಾವುದಿತ್ತು? ಅದಕ್ಕೇ ದಿನಾ ಇಳಿಹೊತ್ತಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ರಾವಸಾಹೇಬರ ಮಗ್ಗದ ಶೆಡ್ಡಿಗೆ ಹೋಗಿ, ಅವರ ಜನರೇಟರಿನ ಆಸರೆಯಲ್ಲಿ ಗೀಚುತ್ತ ಕೂರುತ್ತಿದ್ದಳು. ಆ ಗದ್ದಲದಲ್ಲಿ ಕೆಲಸ ಎಲ್ಲಿ ಸಾಗಬೇಕು! ರಾವಸಾಹೇಬರು ನಿನ್ನೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ಈ ವಾರ ದೀಪಾವಳಿ ಸೀರಿ ನಕ್ಷಿ ಕೈಗೆ ಬರಲಿಲ್ಲಂದ್ರ ಬ್ಯಾರೇದವ್ರಿಗೆ ಕೊಡ್ತೀನವ್ವ. ಬ್ಯಾಸರ ಮಾಡ್ಕೋಬ್ಯಾಡ.”

ಸಂಜೆ ಮನೆಯಲ್ಲಿರುವವಳು ಅತ್ತೆ ಲಗಮವ್ವ ಒಬ್ಬಳೇ. ಗಂಡ ದಶರಥನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಸೊಸೆಯ ಲ್ಯಾಪ್‌ಟಾಪ್ ಎಂದರೆ ಲಗಮವ್ವನಿಗೆ ಪ್ರಾಣ. ಲಕ್ಷ್ಮೀಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಏರಿಸಿದ್ದಳು. ಬ್ಯಾಟರಿ ಕಪಾಟು ಸೇರಿದ ಮೇಲೆ ಕಪಾಟಿನ ಕೀಲಿಯೂ ಅವಳ ಸೊಂಟ ಸೇರಿತ್ತು.

“ಅತ್ತಿ, ಬ್ಯಾಟರಿ ಕೊಡಾಕ ಯಾರರ ಬಂದಿದ್ರೇನ್ರಿ?” ಎಂದು ಕಾವೇರಿ ಕೇಳಿದಾಗಲೆಲ್ಲ ಲಗಮವ್ವ ಮೂಗು ಮುರಿಯುತ್ತಿದ್ದಳು.

“ಕೊಡಾವ್ರು ಯಾರು ಬರ್ತಾರವ್ವ ಈ ಕಾಲದಾಗ? ಬರಾವ್ರೆಲ್ಲ ಬೇಡಾವ್ರ.”

ಆ ಮಾತಿಗೆ ಕಾವೇರಿಗೆ ಸಿಟ್ಟಿನಲ್ಲೂ ನಗು ಬರುತ್ತಿತ್ತು. ಅತ್ತೆಯಾದರೂ ತನ್ನ ಕಡೆ ಇದ್ದಾಳಲ್ಲ.

ಸಿದ್ಧಾಂತ ಒಳಗಿನಿಂದ ಯಮನಪ್ಪನನ್ನು ಕರೆದ. ಪೆಟ್ಟಿಗೆ ಹೊತ್ತು ಮನೆಮನೆ ತಿರುಗುವವನು ಅವನೇ. ನಡುವಯಸ್ಸು, ಬಿಸಿಲಿಗೆ ಸುಟ್ಟ ಮುಖ.

“ನಾ ಬಂದಿದ್ದೆರಿ ಅಕ್ಕಾರ,” ಎಂದ ಯಮನಪ್ಪ. “ಮುಧೋಳ, ತೇರದಾಳ ಮುಗಿಸಿ ನಿಮ್ಮೂರಿಗೆ ಬರೂದ್ರಾಗ ಹೊತ್ತು ಮುಳುಗಿರತೈತ್ರಿ. ಆದ್ರೂ ತಪ್ಪಿಸಿಲ್ರಿ. ಚಾ ಸೈತ ಕುಡದೇನ್ರಿ...”

“ಕುಡದಿರ್ತಿ, ಯಾವ ಚಾದಂಗಡ್ಯಾಗೋ! ಅಲ್ಲೇ ಕೂತು ನಿರಾಕರಿಸಿದ್ರು ಅಂತ ಒತ್ತಿಬಿಟ್ರ ಆತು, ಹೌದಲ್ಲೋ?”

“ಹಂಗಲ್ರೀ ಅಕ್ಕಾರ, ನಿಮ್ಮ ಮನಿ...”

“ನಮ್ಮ ಮನಿ ಸುದ್ದಿಗೆ ಬಂದಿ ಅಂದ್ರ ನೋಡು!”

ಕಾವೇರಿ ಸಿದ್ಧಾಂತನ ಕಡೆ ತಿರುಗಿದಳು. “ಇಂಥಾ ಸುಳ್ಳನನ್ನ ಇಟ್ಕೊಂಡ್ರ ನಾ ಗ್ರಾಹಕರ ಕೋರ್ಟಿಗೆ ಹೋಗ್ತೀನ್ರಿ. ಖರೇನ ಹೋಗ್ತೀನಿ.”

ಕೋರ್ಟು ಎಂದ ಕೂಡಲೇ ಸಿದ್ಧಾಂತನ ಮುಖ ಬಿಳಚಿತು. “ಯಮನಪ್ಪ, ಪೆಟ್ಟಿಗಿ ಇಲ್ಲೇ ಇಟ್ಟು ಹೋಗು. ನಾಳಿಂದ ಬರಬ್ಯಾಡ.”

ಯಮನಪ್ಪ ಪೆಟ್ಟಿಗೆ ಇಳಿಸಿದ. ಅದರ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಕಾವೇರಿ ಬಾಗಿಲ ತನಕ ಅವನ ಬೆನ್ನನ್ನೇ ನೋಡಿದಳು. ಆದರೆ ಸುಳ್ಳನಿಗೆ ಮರುಗುತ್ತ ಕೂತರೆ ತನ್ನ ಗಂಜಿಗೆ ಯಾರು ಮರುಗುತ್ತಾರೆ? ಕರೆಪ್ಪನೆಂಬ ಬೇರೆ ಮನುಷ್ಯನನ್ನು ಇವತ್ತೇ ಕಳಿಸುವುದಾಗಿ ಸಿದ್ಧಾಂತ ಮಾತು ಕೊಟ್ಟ. ಗೆದ್ದೆ ಅಂದುಕೊಂಡು ಕಾವೇರಿ ಬಸ್ಸು ಹತ್ತಿದಳು.

ಆ ಸಂಜೆ ಅವಳು ರಬಕವಿಗೆ ಹೋಗಲಿಲ್ಲ. ಕೂಗಾಡಿ ತಲೆ ಸಿಡಿಯುತ್ತಿತ್ತು. ಒಳಕೋಣೆಯಲ್ಲಿ ಅಡ್ಡಾದಳು. ಎಂದಿನಂತೆ ಕರೆಂಟು ಹೋಯಿತು. ಲಗಮವ್ವ ದೇವರ ಜಗಲಿಯ ಮುಂದೆ ದೀಪ ಹಚ್ಚಿ ಕೈಮುಗಿದಳು. ಅಷ್ಟರಲ್ಲಿ ಬಾಗಿಲ ಹೊರಗೆ ಮೋಟರ್ ಸೈಕಲ್ ಬಂದು ನಿಂತಿತು.

“ಯವ್ವಾರ, ನಾ ಕರೆಪ್ಪ. ಜಮಖಂಡಿ ಅಂಗಡಿಯಿಂದ ಬಂದೇನ್ರಿ. ಹಳೇ ಬ್ಯಾಟರಿ ಕೊಡ್ರಿ.”

ಕಾವೇರಿ ದಡಬಡಿಸಿ ಎದ್ದಳು. ಅವಳು ಹೊಸ್ತಿಲು ದಾಟುವ ಮೊದಲೇ, ಪಡಸಾಲೆಯಿಂದ ಅತ್ತೆಯ ಅಕ್ಕರೆಯ ದನಿ ಕೇಳಿಸಿತು.

“ಬಾ ತಮ್ಮಾ, ಒಂದೀಟು ಚಾ ಕುಡದು ಹೋಗು, ಆದ್ರ ದೀಪ ಹಚ್ಚಿದ ಮ್ಯಾಲೆ ಮನಿ ಲಕ್ಷ್ಮೀನ ಹೊರಗ ಕೊಡಂಗಿಲ್ಲ, ಹಗಲ ಹೊತ್ತು ಬಾ ಅಂತ ಆ ಯಮನಪ್ಪಗೂ ಬಂದಾಗೊಮ್ಮಿ ಹೇಳಿ ಕಳಿಸೇನಿ.”