ಹಳದಿ ಗೆರೆ

ನಟ್ಟಿನ ಮೇಲಿನ ಹಳದಿ ಗೆರೆ ಮತ್ತೆ ತುಂಡಾಗಿತ್ತು.

ಭರಮಪ್ಪ ಬಗ್ಗಿ ಇನ್ನೊಮ್ಮೆ ನೋಡಿದ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನ ಅಭ್ಯಾಸ ಅದು. ನಟ್ಟು ಬಿಗಿ ಮಾಡಿದ ಮೇಲೆ ನಟ್ಟು, ಬೋಲ್ಟು ಎರಡಕ್ಕೂ ತಾಗುವಂತೆ ಬಣ್ಣದ ಒಂದು ಗೆರೆ ಎಳೆಯಬೇಕು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಹೇಳಿಬಿಡುತ್ತದೆ. ಶನಿವಾರ ಸಂಜೆ ಬಸ್ಸಿನ ಡೀಸೆಲ್ ಪೈಪಿನ ನಟ್ಟಿನ ಮೇಲೆ ತಾನೇ ಎಳೆದ ಗೆರೆ ಭಾನುವಾರ ಮುಂಜಾನೆಗೆ ಎರಡು ತುಂಡು. ಯಾರೋ ಬಿಚ್ಚಿದ್ದಾರೆ.

ಬಸ್ಸಿಗೆ ವಯಸ್ಸಾಗಿದೆ, ಹಟ ಮಾಡುತ್ತಿದೆ ಎಂದು ಗುರುಪುತ್ರಪ್ಪ ನಗುತ್ತಾ ತೋಳು ಮಡಚಿದ. ಅವನು ಡ್ರೈವರ್. ಗೆರೆ ನೋಡುವ ಅಭ್ಯಾಸ ಅವನಿಗಿಲ್ಲ. ಭರಮಪ್ಪನಿಗೆ ನಗು ಬರಲಿಲ್ಲ, ಗೆರೆಯ ಬಗ್ಗೆ ಬಾಯಿಯನ್ನೂ ಬಿಡಲಿಲ್ಲ.

ಅದು ಅವರಿಬ್ಬರೂ ದುಡಿದ, ಮಚ್ಛೆ ಊರಿನ ಕಾರ್ಖಾನೆಯ ಬಸ್ಸು. ಬೀಡಿ, ಖಾನಾಪುರ ಊರುಗಳ ಕೆಲಸಗಾರರನ್ನು ತುಂಬಿಕೊಂಡು ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದವನು ಗುರುಪುತ್ರಪ್ಪ. ಕಾರ್ಖಾನೆ ಮುಚ್ಚಿತು. ಉಳಿದವರು ಅಲ್ಲಿ ಇಲ್ಲಿ ಕೆಲಸ ಹುಡುಕಿಕೊಂಡರು. ಅವನು ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಒಂದು ವರ್ಷ ಹಾಗೇ ಹೋಯಿತು. ಗಡ್ಡ ಬೆಳೆಯಿತು, ಮಾತು ನಿಂತಿತು. ಒಮ್ಮೆ ಬಾವಿಕಟ್ಟೆಯ ಮೇಲೆ ನಿಂತಿದ್ದವನನ್ನು ಹೆಂಡತಿ ಬಸವಣ್ಣೆವ್ವ ಕೈ ಹಿಡಿದು ಇಳಿಸಿಕೊಂಡು ಬಂದಳಂತೆ.

ಬಸ್ಸು ಹರಾಜಿಗೆ ಬಂದಾಗ ಕಾರ್ಖಾನೆಯ ಗೆಳೆಯರಾದ ಭರಮಪ್ಪ, ಪ್ರಸಾದ, ಶಿವಲಿಂಗ ಮೂವರೂ ಸೇರಿ ಕೊಂಡರು. ಖಾನಾಪುರಕ್ಕೆ ಎಳೆದು ತಂದು ಗುರುಪುತ್ರಪ್ಪನ ಅಂಗಳದಲ್ಲಿ ನಿಲ್ಲಿಸಿದರು. ರಿಪೇರಿ ಮಾಡಿಕೊಂಡು ನಾಲ್ವರೂ ಲಡಾಖಿಗೆ ಹೋಗಿಬರುವುದೆಂದು ತೀರ್ಮಾನವಾಯಿತು. ಮರುದಿನ ಗುರುಪುತ್ರಪ್ಪ ಗಡ್ಡ ಬೋಳಿಸಿಕೊಂಡ. ಅಂದಿನಿಂದ ಸೂರ್ಯ ಏಳುವ ಹೊತ್ತಿಗೆ ಎದ್ದು ಕೈಗೆ ಗ್ರೀಸು ಮೆತ್ತಿಕೊಳ್ಳುತ್ತಾನೆ. ಸಂಜೆ ಗೆಳೆಯರು ಬಂದರೆ ನಗುತ್ತಾನೆ, ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾನೆ.

ಈಗ ಸೆಪ್ಟೆಂಬರ್ ಮುಗಿಯುತ್ತಾ ಬಂದಿದೆ. ಹಿಮ ಬಿದ್ದರೆ ಲಡಾಖಿನ ದಾರಿ ಮುಚ್ಚುತ್ತದೆ. ಈ ವಾರ ಹೊರಡದಿದ್ದರೆ ಮುಂದಿನ ವರ್ಷವೇ. ಅಷ್ಟರಲ್ಲಿ ಗೆಳೆಯ ಮತ್ತೆ ಹಾಸಿಗೆ ಹಿಡಿದರೆ ಎಬ್ಬಿಸುವವರು ಯಾರು? 

ಮೊದಲು ಫ್ಯಾನಿನ ಬೆಲ್ಟು, ಆಮೇಲೆ ಬ್ಯಾಟರಿಯ ತಂತಿ, ಈಗ ಡೀಸೆಲ್ ಪೈಪು. ಕಿತಾಪತಿ ಮಾಡುತ್ತಿರುವವನು ಬಸ್ಸನ್ನು ಬಲ್ಲವನೇ. ಏನನ್ನೂ ಮುರಿದಿಲ್ಲ, ಕತ್ತರಿಸಿಲ್ಲ. ಬ್ರೇಕು, ಸ್ಟೇರಿಂಗಿನ ತಂಟೆಗೆ ಹೋಗಿಲ್ಲ. ಸರಿಪಡಿಸಲು ಸರಿಯಾಗಿ ಒಂದು ದಿನ ಹಿಡಿಯುವಷ್ಟು ಕೆಲಸ. ಬಿಚ್ಚಿದ ನಟ್ಟನ್ನು ಒರೆಸಿ, ಕಳೆದುಹೋಗದಂತೆ ಎರಡು ಸುತ್ತು ತಿರುಗಿಸಿ ಇಟ್ಟಿರುತ್ತಾನೆ. ಮಾಡುವುದು ಮನೆಹಾಳು ಕೆಲಸ, ಅದರಲ್ಲೂ ಇಷ್ಟು ಅಚ್ಚುಕಟ್ಟು!

ಶಿವಲಿಂಗನಂತೂ ಅಲ್ಲ. ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವನು, ನಟ್ಟು ತಿರುಗಿಸುವ ಪಾನಾ ಹಿಡಿದರೆ ಸೌಟು ಹಿಡಿದಂತೆ ಕಾಣುತ್ತಾನೆ. ಉಳಿದವನು ಪ್ರಸಾದ. ಕಾರ್ಖಾನೆಯ ಎಲೆಕ್ಟ್ರಿಷಿಯನ್. ಅಂಗಳದ ಗೇಟಿನ ಇನ್ನೊಂದು ಕೀಲಿಕೈ ಇರುವುದೂ ಅವನ ಹತ್ತಿರವೇ. ದಾಂಡೇಲಿ ಕಡೆಯ ಹೋಟೆಲಿನವರು ಹಳೆ ಬಸ್ಸನ್ನು ಊಟದ ಕೋಣೆ ಮಾಡಲು ಕೇಳುತ್ತಿದ್ದಾರೆಂದು ಎರಡು ಸಲ ಮಾತು ತೆಗೆದಿದ್ದ. ಬಸ್ಸು ಹೊರಡದಿದ್ದರೆ ಮಾರಲೇಬೇಕಲ್ಲ?

ಸಾಕ್ಷಿಯೂ ಇತ್ತು. ಹಿಂದಿನ ವಾರ ಪ್ರಸಾದ ಕೆಲಸದ ಮೇಲೆ ಎರಡು ದಿನ ಕೊಲ್ಹಾಪುರಕ್ಕೆ ಹೋಗಿದ್ದ. ಆ ಎರಡೂ ದಿನ ಬಸ್ಸು ಒಂದೇ ಏಟಿಗೆ ಚಾಲೂ ಆಯಿತು. ಬಸವಣ್ಣೆವ್ವ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆಂದು ಬೀಡಿಯ ತವರಿಗೆ ಹೋಗಿದ್ದಳು. ಗುರುಪುತ್ರಪ್ಪ ಮಾಡಿದ ಸೀದ ಉಪ್ಪಿಟ್ಟನ್ನೇ ತಿಂದು, ಇಂಜಿನ್ನಿನ ಸದ್ದು ಕೇಳುತ್ತಾ ಎಲ್ಲರೂ ಕುಣಿದಾಡಿದ್ದರು. ಪ್ರಸಾದ ಬಂದ, ಮರುದಿನ ಬಸ್ಸು ಮತ್ತೆ ಮೂಕವಾಯಿತು. ಇನ್ನೇನು ಬೇಕು?

ಬಸವಣ್ಣೆವ್ವ ಚಹಾ ತಂದಳು. ಬಸ್ಸಿನಡಿಯಿಂದ ಕೈ ಚಾಚಿ ಗುರುಪುತ್ರಪ್ಪ ಹದಿನಾಲ್ಕನೇ ನಂಬರಿನ ಪಾನಾ ಕೇಳಿದ. ಅವಳು ಒಂದು ಕೈಯಲ್ಲಿ ಚಹಾದ ತಟ್ಟೆ ಹಿಡಿದುಕೊಂಡೇ ಅದನ್ನು ಎತ್ತಿಕೊಟ್ಟಳು. ಭರಮಪ್ಪ ಅವಳನ್ನು ಬದಿಗೆ ಕರೆದ.

"ವೈನಿ, ರಾತ್ರಿ ಹೊರಗಿನವರು ಯಾರರ ಗೇಟ್ ತಗದದ್ದು ಕೇಳತೈತೇನ್ರಿ?"

"ಹೊರಗಿನವರು ಯಾರೂ ಬರಂಗಿಲ್ಲರಿ, ಭರಮಣ್ಣ. ನಾ ಎಚ್ಚರನ ಇರತೀನಿ."

ಪಾಪ, ನಿದ್ದೆಗೆಟ್ಟು ಕಾಯುತ್ತಿದ್ದಾಳೆ ಎಂದುಕೊಂಡ. ಹೊರಗಿನವರು ಬರುತ್ತಿಲ್ಲ ಎಂದಮೇಲೆ ಪ್ರಸಾದನೇ ಎಂಬುದು ಖಾತ್ರಿಯಾಯಿತು.

ಸೋಮವಾರ ಭರಮಪ್ಪ ರಜೆ ಹಾಕಿದ. ಬೆಳಕು ಹರಿಯುವ ಮೊದಲೇ ಹಿಂದಿನ ಕಾಂಪೌಂಡು ದಾಟಿ ಬಂದು, ಬಸ್ಸಿನ ಕೊನೆಯ ಸೀಟಿನ ಮೇಲೆ ಮೈ ಕುಗ್ಗಿಸಿ ಮಲಗಿದ. ಇಪ್ಪತ್ತು ವರ್ಷದ ಗೆಳೆತನಕ್ಕೆ ಇವತ್ತು ಎಳ್ಳುನೀರು ಬಿಡಬೇಕು. ಆಡಬೇಕಾದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡ.

ಬಾಗಿಲು ಸಣ್ಣಗೆ ಕಿರುಗುಟ್ಟಿತು. ಡ್ರೈವರ್ ಸೀಟಿನ ಪಕ್ಕದ ಇಂಜಿನ್ ಮುಚ್ಚಳ ಎತ್ತಿದ ಸದ್ದು. ಆಮೇಲೆ ಪಾನಾ ತಿರುಗುವ ಸದ್ದು. ಭರಮಪ್ಪ ಎದ್ದು ನಿಂತ.

"ಸಾಕ ಮಾಡೋ, ಪ್ರಸ್ಯಾ."

ತಿರುಗಿದವಳು ಬಸವಣ್ಣೆವ್ವ. ಬೆಚ್ಚಲಿಲ್ಲ, ಪಾನಾ ಬಚ್ಚಿಡಲಿಲ್ಲ. ಬಿಚ್ಚಿದ ನಟ್ಟನ್ನು ಸೆರಗಿನಿಂದ ಒರೆಸಿ ಎರಡು ಸುತ್ತು ತಿರುಗಿಸಿದಳು.

ಭರಮಪ್ಪ ಇಂಜಿನ್ನಿನವರೆಗೆ ನಡೆದು ಬಂದ. ಗಂಡನ ಜೀವ ಯಾವುದರ ಮೇಲೆ ನಿಂತಿದೆ ಎಂಬುದು ಇವಳಿಗಿಂತ ಹೆಚ್ಚು ಯಾರಿಗೆ ಗೊತ್ತು?

"ಅಂವಾ ಹೋಗಬಾರದೇನ್ರಿ, ವೈನಿ? ಇದೊಂದ ಆಸೆ ಮ್ಯಾಲ ಎದ್ದ ಕುಂತಾನ."

ಮನೆಯೊಳಗೆ ಗುರುಪುತ್ರಪ್ಪ ಎದ್ದಿದ್ದ. ಬಚ್ಚಲಿನಲ್ಲಿ ಮುಖ ತೊಳೆಯುತ್ತಾ ಏನನ್ನೋ ಗುನುಗುತ್ತಿದ್ದುದು ಅಂಗಳದವರೆಗೂ ಕೇಳುತ್ತಿತ್ತು. ಅವಳು ಅತ್ತ ಕಿವಿಗೊಟ್ಟಳು.

"ಹೋಗಿ ಬಂದ ಮರುದಿನ ಅವರು ಯಾತಕ್ಕ ಹಾಸಿಗಿ ಬಿಟ್ಟ ಏಳಬೇಕ್ರಿ, ಭರಮಣ್ಣ?"