ಕಾರ್ಡಿಲ್ಲದೆ ಮಗುವಿಲ್ಲ

"ಕಾರ್ಡು ತೋರಸ್ರಿ ಆಯಿ," ಎಂದು ವಾಚ್‌ಮನ್ ಸಲಾವೋದ್ದೀನ ಗೇಟಿಗೆ ಅಡ್ಡ ಕೈ ಹಿಡಿದ. ಮೊಮ್ಮಗನನ್ನು ಕರೆದೊಯ್ಯಲು ಸಾಯಗಾಂವದಿಂದ ಭಾಲ್ಕಿಗೆ ಬಂದಿದ್ದ ಸೂಲಗಿತ್ತಿ ಮೀರಾಬಾಯಿ, ತಮಾಷೆ ಇರಬೇಕೆಂದು ನಕ್ಕಳು.

ತಮಾಷೆಯಾಗಿರಲಿಲ್ಲ. ಚಳಿಗಾಲದ ರಜೆಗೆ ಮುಂಚೆ ಶಾಲೆಯಿಂದ ಪಾಲಕರ, ಸಿಬ್ಬಂದಿಯ ಮೊಬೈಲಿಗೆ ಹನ್ನೊಂದು ಸೂಚನೆಗಳು ಬಂದಿದ್ದವು. ಕಳೆದ ಸ್ವೆಟರುಗಳನ್ನು ಆಫೀಸಿನಿಂದ ಒಯ್ಯಿರಿ, ನೀರಿನ ಬಾಟಲಿ ಬಿಟ್ಟುಹೋಗಬೇಡಿ, ರಜೆ ಮುಗಿದ ಮೇಲೆ ಉಗುರು ಕತ್ತರಿಸಿ ಕಳಿಸಿ. ಮೊದಲ ಹತ್ತನ್ನು ಯಾರೂ ಓದಿರಲಿಲ್ಲ. ಹನ್ನೊಂದನೆಯದನ್ನು ಓದಿದವನು ಸಲಾವೋದ್ದೀನ ಒಬ್ಬನೇ: ಪಾಲಕರ ಕಾರ್ಡಿಲ್ಲದೆ ಯಾವ ಮಗುವನ್ನೂ ಹೊರಗೆ ಬಿಡುವುದಿಲ್ಲ. ಅದು ಸಾಲದೆಂಬಂತೆ ಹೆಡ್ ಮೇಡಂ ನಲಿನಿ ಹಿಂದಿನ ಸಂಜೆ ಅವನನ್ನು ಕರೆದು, "ನಾನೇ ಬಂದ್ರೂ ಬಿಡಬ್ಯಾಡ್ರಿ," ಎಂದು ಬೇರೆ ಹೇಳಿದ್ದರು. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದ ಮನುಷ್ಯ, ಆ ಮಾತನ್ನು ತುಸು ಹೆಚ್ಚಾಗಿಯೇ ಮನಸ್ಸಿಗೆ ಹಚ್ಚಿಕೊಂಡಿದ್ದ.

ಕಾರ್ಡು ಮಗನ ಪಾಕೀಟಿನಲ್ಲಿತ್ತು, ಮಗ ಬೀದರಿನಲ್ಲಿದ್ದ, ಫೋನು ಎತ್ತುತ್ತಿರಲಿಲ್ಲ. ಸೊಸೆ ಪೂನಮಳಿಗೆ ಫೋನು ಮಾಡಬಹುದಿತ್ತು. ಆದರೆ ಹುಡುಗನನ್ನು ರಜೆಯಲ್ಲಿ ಅಬ್ಯಾಕಸ್ ಕ್ಲಾಸಿಗೆ ಹಾಕುತ್ತೇನೆಂದು ಪಟ್ಟು ಹಿಡಿದಿದ್ದವಳು ನಿನ್ನೆಯಷ್ಟೇ ಮೆತ್ತಗಾಗಿದ್ದಳು. ಒಂದು ಗಂಟೆಯ ಬಸ್ಸು ತಪ್ಪಿ ಹುಡುಗ ಸಂಜೆಯವರೆಗೆ ಭಾಲ್ಕಿಯಲ್ಲೇ ಉಳಿದರೆ ಆಕೆ ಮನಸ್ಸು ಬದಲಿಸುವುದು ಖಂಡಿತ. ದಸರೆಯಿಂದ ದಾರಿ ಕಾದಿದ್ದ ಮುದುಕಿ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

"ಲೇ ಸಲಾವೋದ್ದೀನ, ಸಾಯಗಾಂವದಾಗ ನೀ ಹುಟ್ಟಿದಾಗ ಹಿಡದಾಕಿ ನಾ. ಅಳಲೇ ಇಲ್ಲ ನೀ. ಕುಂಡಿ ಮ್ಯಾಲ ಎರಡು ಹಾಕಿದ ಮ್ಯಾಲ ಬಾಯಿ ಬಿಟ್ಟಿ. ಆವಾಗ ನಾ ಕಾರ್ಡು ಕೇಳಿದ್ನೇನು?"

"ಖರೇ ಅದರಿ ಆಯಿ. ಆದ್ರ ಅದು ನನ್ನ ಗುರ್ತಾಯ್ತ್ರಿ, ನಿಮ್ಮದಲ್ಲ," ಎಂದ ಸಲಾವೋದ್ದೀನ. ಆದರೂ ಕರುಳು ಚುರ್ ಎಂದಿರಬೇಕು, ಒಳಗೆ ನಿಂತಿದ್ದ ಎರಡನೇ ತರಗತಿಯ ಪ್ರಥಮೇಶನನ್ನು ಕರೆದ. "ಇವ್ರು ನಿನಗ ಗೊತ್ತೇನೋ?"

ಹುಡುಗ ಅಜ್ಜಿಯನ್ನು ನೋಡಿದ. ಅಜ್ಜಿಯ ಮನೆಯಲ್ಲಿ ಮೊಬೈಲಿಗೆ ನೆಟ್ಟಗೆ ಸಿಗ್ನಲ್ ಸಿಗದಿದ್ದುದು ಅವನ ನೆನಪಿಗೆ ಬಂತು.

"ಎಲ್ಲೋ ನೋಡಿದ್ಹಂಗ ಅದ," ಎಂದ.

ಹಿಂದೆ ಸಾಲು ನಿಂತಿದ್ದ ಪಾಲಕರು ಹೋ ಎಂದು ನಕ್ಕರು. ಮೀರಾಬಾಯಿ ನಗಲಿಲ್ಲ. ಇಷ್ಟು ದೂರ ಬಂದು ಇಂಥ ಮಾತು ಕೇಳಬೇಕಾಯಿತಲ್ಲ ಎಂದು ನಿಂತಲ್ಲೇ ಸಣ್ಣಗಾದಳು.

ಗದ್ದಲ ಕೇಳಿ ನಲಿನಿ ಮೇಡಂ ಬಂದರು. ಅವರೂ ಮಗಳು ಮಂಜಿರಿಯ ಕೈ ಹಿಡಿದು ಮನೆಗೆ ಹೊರಟಿದ್ದರು. ಅಷ್ಟು ಜನ ಪಾಲಕರ ಎದುರು ಕನಿಕರ ತೋರಿಸುವುದು ಹೇಗೆ? "ನಿಯಮ ಎಲ್ಲಾರಿಗೂ ಒಂದೇರಿ ಆಯಿ," ಎಂದು ಗೇಟು ದಾಟಲು ಹೋದರು. ಸಲಾವೋದ್ದೀನನ ಕೈ ಕೆಳಗಿಳಿಯಲಿಲ್ಲ.

"ಮೇಡಂ, ಮಂಜಿರಿ ಕಾರ್ಡು?"

"ಅದು ಮನ್ಯಾಗ... ಅಲ್ರೀ, ನಾ ಇಲ್ಲಿ ಹೆಡ್ ಮೇಡಂ!"

"ನಾನೇ ಬಂದ್ರೂ ಬಿಡಬ್ಯಾಡ್ರಿ ಅಂತ ನೀವೇ ಹೇಳೀರಿ."

ಮೇಡಂ ಮುಖ ಕೆಂಪಾಯಿತು. ಮೀರಾಬಾಯಿಗೆ ಮಾತ್ರ ಜೀವ ಬಂತು. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಬರಕೋ ರಜಿಸ್ಟರದಾಗ. ಇಕಿ ನಲಿನಿ, ನಮ್ಮ ಊರ ಶಿವರಾಜಪ್ಪನ ಮಗಳು. ಕಾಲು ಮುಂದ ಮಾಡಿ ಉಲ್ಟಾ ಬಂದಾಕಿ. ಮೂರು ತಾಸು ನನ್ನ ಜೀವಾ ತಿಂದಾಳ. ಬೆನ್ನ ಮ್ಯಾಲ ದೊಡ್ಡ ಮಚ್ಚಿ ಅದ, ತೋರಸಂದ್ರ..."

"ಬ್ಯಾಡ್ರಿ ಆಯಿ! ಸಲಾವೋದ್ದೀನ, ಬರಕೊಂಡು ಬಿಡ್ರಿ!"

ಸಲಾವೋದ್ದೀನ 'ಗುರುತಿನ ಪುರಾವೆ' ಎಂಬ ಕಾಲಮ್ಮಿನಲ್ಲಿ 'ಹೆರಿಗೆ ಮಾಡಿಸಿದವರು ಮೀರಾಬಾಯಿ' ಎಂದು ದುಂಡಗೆ ಬರೆದು ಗೇಟು ತೆರೆದ. ಮೇಡಮ್ಮಿಗೇ ನಡೆದ ಪುರಾವೆ ಉಳಿದವರಿಗೆ ನಡೆಯದೆ ಇದ್ದೀತೆ? ಕಾರ್ಡು ಮರೆತು ಬಂದಿದ್ದ ಸಾಯಗಾಂವದ ಕಡೆಯವರೆಲ್ಲ ಮುದುಕಿಯನ್ನು ಮುತ್ತಿದರು. "ಆಯಿ, ನಂದೂ ಹೇಳ್ರಿ." "ಇವ ಸಿದ್ದೇಶ್ವರ, ಜವಳಿ ಮಕ್ಕಳೊಳಗ ಎರಡನೇದವ." "ಇಕಿ ಆರತಿ, ಎತ್ತಿನ ಗಾಡ್ಯಾಗ ಹುಟ್ಟಿದಾಕಿ." ಹೀಗೆ ಹತ್ತು ನಿಮಿಷದಲ್ಲಿ ಒಂಬತ್ತು ಮಕ್ಕಳು ಮೀರಾಬಾಯಿಯ ಬಾಯಿಮಾತಿನ ಮೇಲೆ ರಜೆಗೆ ಹೋದವು. ಒಳಗೆ ಉಳಿದವನು ಪ್ರಥಮೇಶ ಒಬ್ಬನೇ. ರಸ್ತೆಯ ಮೂಲೆಯಲ್ಲಿ ಒಂದು ಗಂಟೆಯ ಬಸ್ಸು ಹಾರ್ನು ಹೊಡೆಯಿತು.

"ಇವಂದೂ ಹಂಗೇ ಬರೀಲೇನ್ರಿ?" ಸಲಾವೋದ್ದೀನ ಪೆನ್ನು ಎತ್ತಿದ.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೆರಿಗೆಯ ವಿಷಯದಲ್ಲಿ ಮುದುಕಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಇವನ್ನ ನಾ ಹಿಡದಿಲ್ಲೋ ಯಪ್ಪಾ. ಬೀದರದಾಗ ದವಾಖಾನ್ಯಾಗ ಹುಟ್ಟ್ಯಾನ. ಅಲ್ಲೂ ನನ್ನ ಗೇಟಿನ ಹೊರಗೇ ನಿಂದರಿಸಿದ್ರು."

ಸಲಾವೋದ್ದೀನನ ಪೆನ್ನು ನಿಂತಿತು. ಊರವರನ್ನೆಲ್ಲ ಬಿಡಿಸಿದ ಅಜ್ಜಿ ತನ್ನೊಬ್ಬನನ್ನೇ ಬಿಟ್ಟುಹೋಗುವಳೆಂದು ಪ್ರಥಮೇಶ ಗಾಬರಿಯಾದ. ಗೇಟಿನ ಸರಳು ಹಿಡಿದು ಕೂಗಿದ: "ಇಕಿ ನಮ್ಮ ಆಯಿರೀ! ಖರೇನೇ ನಮ್ಮ ಆಯಿ!"

"ಹುಡುಗ ಗುರ್ತ ಹಿಡದ್ನ್ರಿ," ಎಂದ ಸಲಾವೋದ್ದೀನನಿಗೇ ಈಗ ಅವಸರವಿತ್ತು. "ನೀವು ಹಿಡೀತೀರೇನ್ರಿ ಆಯಿ?"

ಬಸ್ಸು ಎರಡನೇ ಸಲ ಹಾರ್ನು ಹೊಡೆಯಿತು. ಮೀರಾಬಾಯಿ ನಿಧಾನವಾಗಿ ಚಾಳೀಸು ತೆಗೆದು, ಸೆರಗಿನಿಂದ ಒರೆಸಿ, ಕಣ್ಣಿಗೇರಿಸಿ, ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲ್ಲೋ ನೋಡಿದ್ಹಂಗ ಅದ," ಎಂದಳು.